ಕೆಂಪುಕಲ್ಲು ಸಾಗಿಸುವ ಬಿಎಸ್6 ಲಾರಿಗೆ ಪದೇ ಪದೇ ಮಸಿಯ ದೀಪ ಏಕೆ?

ಪ್ರಶ್ನೆ: ನನ್ನದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಒಂದು ಆರು ಚಕ್ರದ ಲಾರಿ ಇದೆ. 2022ರ ಬಿಎಸ್6 (ಹೊಸ ಹೊಗೆ ನಿಯಮದ) ಮಾಡೆಲ್, 70 ಸಾವಿರ ಕಿ.ಮೀ. ಓಡಿದೆ. ಕೋರೆಯಿಂದ ಕೆಂಪುಕಲ್ಲು ತುಂಬಿಸಿ ಮನೆ ಕಟ್ಟುವಲ್ಲಿಗೆ ಹಾಕುವ ಕೆಲಸ. ದಿನಕ್ಕೆ ಐದು ಟ್ರಿಪ್ಪು, ಒಂದೊಂದೂ ಎಂಟು-ಹತ್ತು ಕಿ.ಮೀ. ಒಳಗೆ. ಮೊದಲ ಎರಡು ವರ್ಷ ಏನೂ ತೊಂದರೆ ಇರಲಿಲ್ಲ. ಆಗ ವಾರಕ್ಕೆರಡು ಸಲ ಸಿಮೆಂಟು ತರಲು ಮಂಗಳೂರಿಗೂ ಹೋಗುತ್ತಿತ್ತು. ಈಗ ಒಂದು ವರ್ಷದಿಂದ ಬರೀ ಕಲ್ಲಿನ ಬಾಡಿಗೆ. ಆರು ತಿಂಗಳಲ್ಲಿ ಮೂರು ಸಲ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ದೀಪ ಹತ್ತಿ, ಗಾಡಿ ಎಳೆಯದೆ ನಿಂತಿತು. ಮೂರು ಸಲವೂ ಸರ್ವಿಸ್ ಸೆಂಟರಿನಲ್ಲಿ ಕಂಪ್ಯೂಟರ್ ಹಾಕಿ ಮಸಿ ಸುಡುವ ‘ರೀಜೆನ್’ ಮಾಡಿಸಿದೆ. ಇನ್ನೊಮ್ಮೆ ಬಂದರೆ ಫಿಲ್ಟರನ್ನೇ ಬದಲಿಸಬೇಕು, ಲಕ್ಷದ ಮೇಲಾಗುತ್ತದೆ ಎಂದಿದ್ದಾರೆ. ಡ್ರೈವರ್ ಒಳ್ಳೆಯವನು. ಆದರೆ ಲೋಡು ಮಾಡುವಾಗ ಎಂಜಿನ್ ಆಫ್ ಮಾಡುವುದಿಲ್ಲ. ಬ್ರೇಕಿನ ಏರ್ ಇಳಿಯುತ್ತದೆ, ಮತ್ತೆ ಸ್ಟಾರ್ಟ್ ಆಗಲು ತಕರಾರು ಮಾಡುತ್ತದೆ ಎನ್ನುತ್ತಾನೆ. ನ್ಯೂಟ್ರಲ್‌ನಲ್ಲಿ ಹತ್ತು ನಿಮಿಷ ರೈಸ್ ಮಾಡಿದರೆ ಮಸಿ ಹಾರಿಹೋಗುತ್ತದೆ ಎಂದು ಒಬ್ಬರು, ತಲಪಾಡಿ ಗಡಿಯಾಚೆ ಹಾಕಿಸುವ ಡೀಸೆಲಿನದ್ದೇ ದೋಷ ಎಂದು ಇನ್ನೊಬ್ಬರು ಹೇಳುತ್ತಾರೆ. ಫಿಲ್ಟರಿನ ಒಳಗಿನ ಜೇನುಗೂಡು ತೆಗೆಸಿ ಕಂಪ್ಯೂಟರಿಗೆ ಬೇರೆ ಪ್ರೋಗ್ರಾಂ ಹಾಕಿಸಿಬಿಡಿ ಎಂದು ಹೇಳುವವರೂ ಇದ್ದಾರೆ. ಸಾಲದ ಕಂತು ಇನ್ನೂ ಎರಡು ವರ್ಷ ಇದೆ. ಓಡಿಸುವ ಕ್ರಮ ಬದಲಿಸಿದರೆ ಸರಿಯಾದೀತೆ? ಅಲ್ಲ, ಈ ಗಾಡಿಯೇ ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ್ದಲ್ಲವೇ?

ಉತ್ತರ: ಸರಿಯಾಗುವ ಸಾಧ್ಯತೆಯೇ ಹೆಚ್ಚು. ಫಿಲ್ಟರ್ ಬದಲಿಸಲು ಈಗಲೇ ಒಪ್ಪಿಕೊಳ್ಳಬೇಡಿ. ಗಾಡಿ ಮಾರುವ ಯೋಚನೆಯೂ ಸದ್ಯಕ್ಕೆ ಬೇಡ.

ಉತ್ತರದ ಅರ್ಧ ಭಾಗ ನಿಮ್ಮ ಪತ್ರದಲ್ಲೇ ಇದೆ. ಮಂಗಳೂರಿಗೆ ಹೋಗಿ ಬರುತ್ತಿದ್ದಷ್ಟು ಕಾಲ ತೊಂದರೆ ಇರಲಿಲ್ಲ. ಆ ಬಾಡಿಗೆ ನಿಂತ ಮೇಲೆ ದೀಪ ಹತ್ತತೊಡಗಿತು. ಗಾಡಿ ಅದೇ, ಡ್ರೈವರ್ ಅವನೇ, ಬದಲಾದದ್ದು ದಾರಿ. ಉಪ್ಪಳ, ಕುಂಬಳೆ ಬದಿಯಲ್ಲಿ 26 ವರ್ಷದಿಂದ ಡೀಸೆಲ್ ಎಂಜಿನ್ನಿನ ಕೆಲಸ ಮಾಡಿಕೊಂಡು ಬಂದಿದ್ದೇನೆ. ಬಿಎಸ್6 ಬಂದ ಮೇಲೆ ಮಸಿಯ ದೂರು ಹೊತ್ತು ಬಂದ ಗಾಡಿಗಳಲ್ಲಿ ಕೋರೆಯವು, ಹಾಲಿನವು, ಗ್ಯಾಸ್ ಸಿಲಿಂಡರಿನವು ಹೆಚ್ಚು. ಬೆಂಗಳೂರು, ಮುಂಬೈ ಲೈನಿನ ಗಾಡಿಗಳು ಇದೇ ದೂರಿನೊಂದಿಗೆ ಬಂದದ್ದು ಬೆರಳೆಣಿಕೆ.

ಕಾರಣ ತಿಳಿಯಲು ಮನೆಯ ಬಚ್ಚಲೊಲೆಯನ್ನು ನೆನಪಿಸಿಕೊಳ್ಳಿ. ಹಸಿ ಮಡಲು ತುರುಕಿ ಉರಿ ಹಚ್ಚಿದರೆ ಹೊಗೆ ತುಂಬಿ ಹಂಡೆಯ ಅಡಿಗೆ ಮಸಿ ಮೆತ್ತುತ್ತದೆ. ಅದೇ ಒಲೆಗೆ ಒಣ ಗೆರಟೆ ಹಾಕಿ ಅರ್ಧ ಗಂಟೆ ಜೋರು ಉರಿ ಕೊಟ್ಟರೆ ಹಳೆಯ ಮಸಿಯೂ ಕೆಂಪಗೆ ಕಿಡಿಯಾಗಿ ಉರಿದುಹೋಗುತ್ತದೆ. ಒಲೆಯಲ್ಲಿ ಉಳಿಯುವುದು ಬೂದಿ. ಮಸಿ ಉರಿಯುವ ವಸ್ತು, ಬೂದಿ ಉರಿಯದ ವಸ್ತು. ನಿಮ್ಮ ಲಾರಿಯ ಫಿಲ್ಟರಿನ ಕಥೆಯೂ ಇಷ್ಟೇ. ಈ ಎರಡರ ವ್ಯತ್ಯಾಸ ಮನಸ್ಸಿನಲ್ಲಿಟ್ಟುಕೊಳ್ಳಿ, ಫಿಲ್ಟರ್ ಬದಲಿಸಬೇಕೇ ಬೇಡವೇ ಎಂಬ ಮಾತು ಬಂದಾಗ ಬೇಕಾಗುತ್ತದೆ.

2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್6 ಜಾರಿಗೆ ಬಂತು. ಅದರ ಮಿತಿಯೊಳಗೆ ಹೊಗೆ ಬಿಡಬೇಕಾದರೆ ಡೀಸೆಲ್ ಲಾರಿಗಳಿಗೆ ಮಸಿ ಹಿಡಿಯುವ ಫಿಲ್ಟರ್ ಬೇಕೇ ಬೇಕಾಯಿತು. ಅದು ಹೆಂಚಿನಂತೆ ಸುಟ್ಟು ಮಾಡಿದ ಒಂದು ಪಿಂಗಾಣಿ ಜೇನುಗೂಡು. ಒಂದು ಕಣ್ಣು ಎದುರು ತೆರೆದಿದ್ದರೆ ಪಕ್ಕದ್ದು ಮುಚ್ಚಿರುತ್ತದೆ, ಹಿಂಬದಿಯಲ್ಲಿ ಇದರ ತಿರುವುಮುರುವು. ಹೊಗೆ ಗೋಡೆಯ ಸಣ್ಣ ರಂಧ್ರಗಳ ಮೂಲಕವೇ ಹಾದುಹೋಗಬೇಕು, ಮಸಿ ಗೋಡೆಯಲ್ಲಿ ನಿಲ್ಲುತ್ತದೆ. ನಿಂತ ಮಸಿಯನ್ನು ಅಲ್ಲೇ ಸುಡುವುದಕ್ಕೆ ‘ರೀಜೆನ್’ ಎನ್ನುತ್ತಾರೆ.

ಸುಡುವುದು ಎರಡು ಬಗೆಯಲ್ಲಿ. ಫಿಲ್ಟರಿನ ಮುಂದೆ ಪ್ಲಾಟಿನಂ, ಪಲ್ಲಾಡಿಯಂ ಲೇಪಿಸಿದ ಇನ್ನೊಂದು ಗೂಡು ಇದೆ. ಹೊಗೆ ಸುಮಾರು 250ರಿಂದ 400 ಡಿಗ್ರಿ ಬಿಸಿ ಇದ್ದರೆ, ಅಲ್ಲಿ ಹುಟ್ಟುವ ನೈಟ್ರೋಜನ್ ಡೈಆಕ್ಸೈಡ್ ಮಸಿಯನ್ನು ಸದ್ದಿಲ್ಲದೆ, ಓಡುತ್ತಿರುವಾಗಲೇ ತಿನ್ನುತ್ತಾ ಹೋಗುತ್ತದೆ. ಇದಕ್ಕೆ ಖರ್ಚಿಲ್ಲ, ದೀಪವಿಲ್ಲ, ಡ್ರೈವರಿಗೆ ಗೊತ್ತೂ ಆಗುವುದಿಲ್ಲ. ಲೋಡು ಹಾಕಿ ಮಂಗಳೂರಿಗೆ ಹೋಗಿ ಬರುವಾಗ ನಿಮ್ಮ ಗಾಡಿಯಲ್ಲಿ ನಡೆಯುತ್ತಿದ್ದದ್ದು ಇದೇ. ಇದು ಸಾಲದೆ ಮಸಿ ಕೂಡಿದರೆ ಎಂಜಿನ್ನಿನ ಕಂಪ್ಯೂಟರ್ ಸ್ವಲ್ಪ ಹೆಚ್ಚುವರಿ ಡೀಸೆಲ್ ಬಿಟ್ಟು, ಆ ಮುಂದಿನ ಗೂಡಿನಲ್ಲಿ ಅದನ್ನು ಉರಿಸಿ, ಫಿಲ್ಟರನ್ನು ಸುಮಾರು 600 ಡಿಗ್ರಿಗೆ ಏರಿಸುತ್ತದೆ. ಇದು ಎರಡನೆಯ ಬಗೆ. ಇದಕ್ಕೆ ಸಾಮಾನ್ಯವಾಗಿ 20ರಿಂದ 40 ನಿಮಿಷ ಬೇಕು, ನಡುವೆ ನಿಲ್ಲಿಸಬಾರದು. ಎಂಟು ಕಿ.ಮೀ. ದಾರಿಯಲ್ಲಿ ಇಪ್ಪತ್ತು ನಿಮಿಷದ ಓಟವೂ ಸಿಗುವುದಿಲ್ಲ. ಎಂಜಿನ್ ಸರಿಯಾಗಿ ಬಿಸಿಯಾಗುವ ಹೊತ್ತಿಗೆ ಸೈಟು ಬಂದಿರುತ್ತದೆ.

ಸೀತಾಂಗೋಳಿ ಕಡೆಯ ಒಂದು ಲಾರಿ ಹೀಗೆಯೇ ಬಂದಿತ್ತು. ಸ್ಕ್ಯಾನರ್ ಸಿಕ್ಕಿಸಿಕೊಂಡು ನಾನೇ ಪಕ್ಕದಲ್ಲಿ ಕುಳಿತೆ. ಐಡಲ್‌ನಲ್ಲಿ ನಿಂತಾಗ ಫಿಲ್ಟರಿನ ಮುಂದಿನ ಬಿಸಿ 130 ಡಿಗ್ರಿ, ಮಸಿಯ ಲೆಕ್ಕ ನೂರಕ್ಕೆ 81. ಕುಂಬಳೆಯಲ್ಲಿ ಹೈವೇ ಹತ್ತಿ ಲೋಡಿನೊಂದಿಗೆ 55ರ ವೇಗದಲ್ಲಿ ಒಂದೇ ಸಮ ಓಡಿಸಲು ಹೇಳಿದೆ. ಐದಾರು ನಿಮಿಷದಲ್ಲಿ ಬಿಸಿ 300 ದಾಟಿತು. ಆಮೇಲೆ ರೀಜೆನ್ ಶುರುವಾಗಿ 590ಕ್ಕೆ ಹೋಗಿ ನಿಂತಿತು. ಉಪ್ಪಳ ದಾಟುವಾಗ ಮಸಿ 52. ತಲಪಾಡಿ ಟೋಲ್ ಕಾಣುವ ಹೊತ್ತಿಗೆ 14. ಡ್ರೈವರ್ ಪರದೆಯನ್ನೂ ನನ್ನ ಮುಖವನ್ನೂ ನೋಡಿ, “ಇಷ್ಟೇಯಾ?” ಎಂದ. ಎರಡು ತಿಂಗಳಿಂದ ಗಾಡಿ ಅವನಲ್ಲಿ ಕೇಳುತ್ತಿದ್ದದ್ದು ಆ ಅರ್ಧ ಗಂಟೆಯ ದಾರಿಯನ್ನೇ. ಈಗ ತಲಪಾಡಿಯಿಂದ ಚೆಂಗಳದವರೆಗೆ ಆರು ಪಥದ ರಸ್ತೆ ಇದೆ, ಸುಮಾರು 39 ಕಿ.ಮೀ. ಮೊದಲಿನ ಹಾಗೆ ಪೇಟೆ ಪೇಟೆಗೂ ನಿಂತು ಹೊರಡುವ ಕಷ್ಟವಿಲ್ಲ. ನಮ್ಮ ಜಿಲ್ಲೆಯ ಸಣ್ಣ ಓಟದ ಗಾಡಿಗಳಿಗೆ ಇದೊಂದು ದೊಡ್ಡ ಅನುಕೂಲ, ಬಳಸಿಕೊಳ್ಳಿ.

ಹಾಗಾದರೆ ಗಾಡಿ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದಲ್ಲವೇ ಎಂದರೆ, ಬರೀ ಈ ಕೆಲಸವನ್ನೇ ಮಾಡಿಸಿದರೆ ಕಷ್ಟ ಎಂದು ಹೇಳುತ್ತೇನೆ. ವಾರಕ್ಕೆ ಒಂದೆರಡು ಸಲ ಅರ್ಧ ಮುಕ್ಕಾಲು ಗಂಟೆಯ ಒಂದೇ ಸಮನೆಯ ಓಟ ಸಿಕ್ಕರೆ ಉಳಿದ ದಿನ ಕಲ್ಲು ಸಾಗಿಸಲಿ, ತೊಂದರೆಯಿಲ್ಲ. ಸಿಮೆಂಟಿನ ಬಾಡಿಗೆ ತಿರುಗಿ ಸಿಕ್ಕೀತೇ ನೋಡಿ. ಗೊಬ್ಬರ, ಹೆಂಚು, ಕಬ್ಬಿಣ, ಯಾವುದಾದರೂ ಸರಿ. ಅದಿಲ್ಲದಿದ್ದರೆ ಐದು ಟ್ರಿಪ್ಪಿನಲ್ಲಿ ಅತಿ ದೂರದ್ದನ್ನು ದಿನದ ಕೊನೆಗೆ ಇಡಿ, ಅಷ್ಟು ಹೊತ್ತಿಗೆ ಎಂಜಿನ್ ಚೆನ್ನಾಗಿ ಕಾದಿರುತ್ತದೆ. ಬೆಳಿಗ್ಗೆ ತಣ್ಣಗಿನ ಎಂಜಿನ್ನಿನಲ್ಲಿ ಹೊರಟ ಮೊದಲ ಟ್ರಿಪ್ಪಿನಲ್ಲೇ ಮಸಿ ಹೆಚ್ಚು ಹುಟ್ಟುತ್ತದೆ, ಸುಡುವುದು ಏನೂ ಇಲ್ಲ.

ಇನ್ನು ಲೋಡು ಮಾಡುವಾಗ ಎಂಜಿನ್ ಆಫ್ ಮಾಡದಿರುವ ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಈ ಸಾಲು. ಕೈಯಲ್ಲಿ ಕಲ್ಲು ಪೇರಿಸಲು ಒಂದು ಲೋಡಿಗೆ ಮುಕ್ಕಾಲು ಗಂಟೆ ಎಂದಿಟ್ಟುಕೊಂಡರೂ ಐದು ಟ್ರಿಪ್ಪಿಗೆ ಮೂರೂಮುಕ್ಕಾಲು ಗಂಟೆ. ಇಳಿಸುವ ಹೊತ್ತು ಬೇರೆ. ಈ ಗಾತ್ರದ ಎಂಜಿನ್ ಐಡಲ್‌ನಲ್ಲಿ ಗಂಟೆಗೆ ಲೀಟರಿನ ಆಸುಪಾಸು ಕುಡಿಯುತ್ತದೆ. ದಿನಕ್ಕೆ ಮೂರ್ನಾಲ್ಕು ಲೀಟರ್ ಡೀಸೆಲ್ ಉರಿಸಿ ನಾವು ಮಾಡುತ್ತಿರುವುದು ಹಸಿ ಮಡಲಿನ ಹೊಗೆ. ಹೊಗೆಯ ಬಿಸಿ 100, 150 ಡಿಗ್ರಿಯಲ್ಲೇ ಇರುತ್ತದೆ. ಮಸಿ ಕೂಡುತ್ತಲೇ ಹೋಗುತ್ತದೆ, ಉರಿಯುವ ಮಾತೇ ಇಲ್ಲ.

ಆದರೆ ಡ್ರೈವರನ್ನು ಗದರಿಸಿ ಪ್ರಯೋಜನವಿಲ್ಲ, ಅವನು ಹೇಳುವುದು ನಿಜ. ಏರ್ ಇಳಿಯುತ್ತದೆ ಎಂದರೆ ಎಲ್ಲೋ ಸೋರುತ್ತಿದೆ. ಸರಿಯಿರುವ ಗಾಡಿ ಮುಕ್ಕಾಲು ಗಂಟೆ ಆಫ್ ಆಗಿ ನಿಂತರೆ ಗೇಜು ಒಂಚೂರು ಇಳಿದೀತು, ಬ್ರೇಕ್ ಹಿಡಿದುಕೊಂಡು ಬಿಡಿಸಲು ಕಾಯುವಷ್ಟು ಇಳಿಯಬಾರದು. ಸೋಪಿನ ನೀರು ಹಿಡಿದುಕೊಂಡು ಏರ್ ಟ್ಯಾಂಕಿನ ಡ್ರೈನ್ ವಾಲ್ವ್, ಪೈಪಿನ ಜೋಡಣೆ, ಬ್ರೇಕ್ ಚೇಂಬರ್ ಎಲ್ಲ ನೋಡಿಸಿ. ಗುಳ್ಳೆ ಬಂದಲ್ಲಿ ಸೋರಿಕೆ. ಸ್ಟಾರ್ಟ್ ಆಗಲು ತಕರಾರು ಎಂದರೆ ಹೆಚ್ಚಾಗಿ ಬ್ಯಾಟರಿ ಸತ್ತಿದೆ, ಇಲ್ಲವೇ ಅರ್ತ್ ವಯರ್ ಉಪ್ಪುಗಾಳಿಗೆ ಹಸಿರಾಗಿ ತಿಂದುಹೋಗಿದೆ. 2022ರ ಗಾಡಿ, ಬ್ಯಾಟರಿ ಮೊದಲಿನದ್ದೇ ಆಗಿದ್ದರೆ ಅದಕ್ಕೆ ವಯಸ್ಸಾಗಿದೆ. ಈ ಎರಡು ರಿಪೇರಿ ಮಾಡಿಸಿಕೊಡಿ, ಕೀಲಿ ತಿರುಗಿಸಲು ಅವನಿಗೆ ಯಾರೂ ಹೇಳಬೇಕಾಗಿಲ್ಲ. ಎಷ್ಟೋ ಗಾಡಿಗಳಲ್ಲಿ ಮಸಿಯ ರೋಗದ ಬೇರು ಸೋರುವ ಒಂದು ಏರ್ ವಾಲ್ವಿನಲ್ಲಿ ಇದ್ದದ್ದನ್ನು ಕಂಡಿದ್ದೇನೆ. ಲೋಡು ಹೊತ್ತು ಏರು ಹತ್ತಿ ಬಂದ ಕೂಡಲೇ ಮಾತ್ರ ಆಫ್ ಮಾಡಬಾರದು. ಎಂಜಿನ್ನಿಗೆ ಗಾಳಿ ಒತ್ತುವ ಟರ್ಬೋ ತಣಿಯಲು ಎರಡು ಮೂರು ನಿಮಿಷ ಬಿಟ್ಟು ಆಫ್ ಮಾಡಲಿ.

ರೈಸ್ ಮಾಡಿದರೆ ಮಸಿ ಹಾರುತ್ತದೆ ಎಂಬುದು ಹಳೆಯ ಗಾಡಿಗಳ ಕಾಲದ ಮಾತು. ಆಗ ಸೈಲೆನ್ಸರಿನಲ್ಲಿ ಕೂತ ಮಸಿ ದಬಕ್ಕನೆ ಹಿಂದಕ್ಕೆ ಹಾರಿ, ನಿಂತವರ ಬಟ್ಟೆಗೆ ಬೀಳುತ್ತಿತ್ತು. ಈಗ ಹಿಂದೆ ಗೋಡೆ ಇದೆ, ಹಾರಲು ಎಲ್ಲಿಗೆ? ಹೊಗೆಗೆ ಬಿಸಿ ಬರುವುದು ಎಂಜಿನ್ ಹೊರೆ ಎಳೆಯುವಾಗ. ನ್ಯೂಟ್ರಲ್‌ನಲ್ಲಿ ಎಷ್ಟು ಸದ್ದು ಮಾಡಿದರೂ ಎಳೆಯಲು ಹೊರೆಯಿಲ್ಲ, ಬಿಸಿಯೂ ಸಾಕಷ್ಟು ಏರುವುದಿಲ್ಲ. ನಿಂತಲ್ಲೇ ಸುಡಬೇಕಾದರೆ ಅದಕ್ಕೆಂದೇ ಕೆಲವು ಲಾರಿಗಳಲ್ಲಿ ಸ್ವಿಚ್ ಇದೆ. ಅದನ್ನು ಒತ್ತಿದಾಗ ಕಂಪ್ಯೂಟರ್ ತಾನೇ ಎಂಜಿನ್ ಏರಿಸಿ, ಡೀಸೆಲ್ ಬಿಟ್ಟು ಬಿಸಿ ಮಾಡುತ್ತದೆ. ಕಾಲಿನಲ್ಲಿ ಎಕ್ಸಲೇಟರ್ ತುಳಿಯುವುದು ಅದಕ್ಕೆ ಬದಲಿಯಲ್ಲ.

ಆ ಸ್ವಿಚ್ಚಿನ ವಿಷಯದಲ್ಲಿ ಒಂದು ಎಚ್ಚರಿಕೆ. ನಮ್ಮ ಕೋರೆಗಳು ಇರುವುದು ಪದವಿನ ಮೇಲೆ, ಪಾರೆಯ ಬದಿಯಲ್ಲಿ. ಡಿಸೆಂಬರ್ ಕಳೆದರೆ ಸುತ್ತಲೂ ಮುಳಿಹುಲ್ಲು ಒಣಗಿ ಮೊಣಕಾಲೆತ್ತರ ನಿಂತಿರುತ್ತದೆ. ರೀಜೆನ್ ಆಗುವಾಗ ಸೈಲೆನ್ಸರಿನ ಬಾಯಿಂದ ಬರುವ ಗಾಳಿ ಬೆಂಕಿಯಷ್ಟೇ ಬಿಸಿ. ಒಣ ಹುಲ್ಲು, ತರಗೆಲೆ, ಮಡಲು, ಅಡಿಕೆ ಹಾಳೆಯ ರಾಶಿ, ಟರ್ಪಾಲು ಇವುಗಳ ಹತ್ತಿರ ನಿಲ್ಲಿಸಿ ಆ ಸ್ವಿಚ್ ಒತ್ತಲೇಬಾರದು. ಶೆಡ್ಡಿನೊಳಗೂ ಬೇಡ. ಬರೀ ಕಲ್ಲಿನ ನೆಲದಲ್ಲಿ, ಬಯಲಿನಲ್ಲಿ ನಿಲ್ಲಿಸಿ, ಲೋಡಿಂಗಿನವರನ್ನು ಹಿಂಬದಿಯಿಂದ ದೂರ ಕಳಿಸಿ, ಡ್ರೈವರ್ ಗಾಡಿಯ ಹತ್ತಿರವೇ ಇದ್ದು ಮಾಡಬೇಕು. ಹುಲ್ಲಿಗೆ ಕಿಡಿ ಹಿಡಿದರೆ ಗಾಳಿಯ ದಿಕ್ಕಿನಲ್ಲಿ ಕ್ಷಣದಲ್ಲಿ ಗುಡ್ಡೆಯೇ ಹೊತ್ತಿಕೊಳ್ಳುತ್ತದೆ, ಪಕ್ಕದಲ್ಲಿ ಗೇರು ತೋಟಗಳಿರುತ್ತವೆ.

ಡೀಸೆಲಿನ ಮಾತು. ಕರ್ನಾಟಕದಲ್ಲಿ ದರ ಕಡಿಮೆಯೆಂದು ನಾವೆಲ್ಲ ತಲಪಾಡಿಯಾಚೆ ಹಾಕಿಸುವವರೇ. ಗಡಿಯ ಎರಡೂ ಬದಿಯ ಪಂಪುಗಳಲ್ಲಿ ಸಿಗುವುದು ಒಂದೇ ಬಿಎಸ್6 ಡೀಸೆಲ್, ಗಂಧಕದ ಅಂಶ ಹತ್ತು ಲಕ್ಷದಲ್ಲಿ 10 ಭಾಗ ಮೀರಬಾರದು. ದರ ಕಡಿಮೆ ಇರುವುದು ತೆರಿಗೆಯಿಂದ, ಎಣ್ಣೆಯ ಗುಣದಿಂದಲ್ಲ. ಹಾಗಾಗಿ ಆ ಆರೋಪ ಬಿಟ್ಟುಬಿಡಿ. ಆದರೆ ಕೋರೆಯಲ್ಲಿ ಹಿಟಾಚಿಗೆಂದು ಬ್ಯಾರೆಲಿನಲ್ಲಿ ಇಟ್ಟ ಡೀಸೆಲನ್ನು ಅವಸರಕ್ಕೆ ನಿಮ್ಮ ಗಾಡಿಗೂ ಸುರಿಯುತ್ತಾರೆಯೇ, ಕೇಳಿ ನೋಡಿ. ಮಳೆಗಾಲದಲ್ಲಿ ಬ್ಯಾರೆಲಿನ ಅಡಿಯಲ್ಲಿ ನೀರು ನಿಂತಿರುತ್ತದೆ, ಸೀಮೆಎಣ್ಣೆ ಬೆರೆತಿರುವುದೂ ಉಂಟು. ಎಂಜಿನ್ನಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಕೆಡಲು ಅದು ಸಾಕು. ಇಂಜೆಕ್ಟರ್ ಕೆಟ್ಟು ಹನಿ ಹನಿ ತೊಟ್ಟಿಕ್ಕತೊಡಗಿದರೆ ಮಸಿ ದುಪ್ಪಟ್ಟು.

ನೀವು ಕೇಳದಿದ್ದರೂ ಡಿಇಎಫ್ (ಹೊಗೆಗೆ ಸಿಂಪಡಿಸುವ ಯೂರಿಯಾ ದ್ರವ) ಬಗ್ಗೆ ಒಂದು ಮಾತು, ಏಕೆಂದರೆ ಎಲ್ಲರೂ ಡಿಪಿಎಫ್, ಡಿಇಎಫ್ ಎರಡನ್ನೂ ಒಂದೇ ಎಂದುಕೊಂಡಿದ್ದಾರೆ. ಆ ದ್ರವದಲ್ಲಿ ನೂರಕ್ಕೆ 32.5 ಭಾಗ ಶುದ್ಧ ಯೂರಿಯಾ, ಉಳಿದದ್ದು ಖನಿಜ ತೆಗೆದ ನೀರು. ಅದು ಬೀಳುವುದು ಸಾಮಾನ್ಯವಾಗಿ ಮಸಿ ಫಿಲ್ಟರ್ ದಾಟಿದ ಮೇಲೆ, ನೈಟ್ರೋಜನ್ ಆಕ್ಸೈಡುಗಳನ್ನು ಮುರಿಯಲು. ಮಸಿಗೂ ಅದಕ್ಕೂ ನೇರ ಸಂಬಂಧವಿಲ್ಲ. ಆದರೆ ಕಳಪೆ ಡಿಇಎಫ್ ಹಾಕಿ ಆ ವ್ಯವಸ್ಥೆಯಲ್ಲಿ ದೋಷ ದಾಖಲಾದರೆ ಹಲವು ಗಾಡಿಗಳಲ್ಲಿ ಕಂಪ್ಯೂಟರ್ ರೀಜೆನ್ ಮಾಡಲೂ ಒಪ್ಪುವುದಿಲ್ಲ. ತೋಟಕ್ಕೆ ತಂದ ಯೂರಿಯಾವನ್ನು ಬಾವಿ ನೀರಿನಲ್ಲಿ ಕಲಸಿ ಹಾಕಿದ ಒಂದು ಗಾಡಿ ನನ್ನಲ್ಲಿಗೆ ಬಂದಿತ್ತು. ಗೊಬ್ಬರದ ಯೂರಿಯಾಕ್ಕೆ ಬೇವಿನ ಎಣ್ಣೆ ಲೇಪಿಸಿರುತ್ತಾರೆ. ನಳಿಗೆಯೊಳಗೆ ಅದು ಬೆಲ್ಲದ ಪಾಕ ಗಟ್ಟಿಯಾದ ಹಾಗೆ ಕೂತಿತ್ತು. ಪಂಪು, ನಳಿಗೆ ಎರಡೂ ಹೋದವು.

ದಾರಿ ಮತ್ತು ಐಡಲ್ ಎರಡೂ ಸರಿಯಾದ ಮೇಲೂ ದೀಪ ಹತ್ತಿದರೆ, ಎಂಜಿನ್ ಮಸಿಯನ್ನೇ ಅತಿಯಾಗಿ ಹುಟ್ಟಿಸುತ್ತಿದೆ ಎಂದರ್ಥ. ನಿಮ್ಮದರಲ್ಲಿ ಇದೂ ಸ್ವಲ್ಪ ಇದ್ದೀತು ಎಂದು ನನಗೆ ಸಂಶಯ. ಆರು ತಿಂಗಳಲ್ಲಿ ಮೂರು ಸಲ ಗಾಡಿ ನಿಲ್ಲುವುದೆಂದರೆ ಸಣ್ಣ ಓಟ ಒಂದರಿಂದಲೇ ಆಗುವುದಕ್ಕಿಂತ ಹೆಚ್ಚು. ಮೂರು ಸಲವೂ ಮಸಿ ಸುಟ್ಟು ಕಳಿಸಿದರೇ ಹೊರತು ಮಸಿ ಎಲ್ಲಿಂದ ಬಂತು ಎಂದು ಹುಡುಕಿದಂತೆ ನಿಮ್ಮ ಪತ್ರದಲ್ಲಿ ಕಾಣುವುದಿಲ್ಲ. ಮೊದಲು ಏರ್ ಫಿಲ್ಟರ್ ಬಿಚ್ಚಿ. ಕೆಂಪುಕಲ್ಲು ಕೊಯ್ಯುವ ಮೆಷಿನ್ ಏಳಿಸುವ ಧೂಳು ಗೋಧಿಹಿಟ್ಟಿಗಿಂತ ನಯ. ಪುಸ್ತಕದಲ್ಲಿ ಬರೆದ ಕಿ.ಮೀ. ಲೆಕ್ಕ ರಸ್ತೆಯ ಗಾಡಿಗೆ, ಕೋರೆಯ ಗಾಡಿಗೆ ಅಲ್ಲ. ಗಾಳಿ ಕಡಿಮೆಯಾದರೆ ಡೀಸೆಲ್ ಅರೆಬೆಂದು ಮಸಿಯಾಗುತ್ತದೆ.

ಆಮೇಲೆ ಟರ್ಬೋದಿಂದ ಗಾಳಿ ತಣಿಸುವ ಇಂಟರ್‌ಕೂಲರಿಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ದಪ್ಪ ರಬ್ಬರ್ ಹೋಸುಗಳು. ಮೇಲಿನಿಂದ ನೋಡಿದರೆ ಹೊಸದರಂತೆಯೇ ಕಾಣುತ್ತವೆ. ಕೆಳಬದಿಗೆ ಕೈ ಹಾಕಿ ಸವರಬೇಕು. ಒಂದು ಗಾಡಿಯಲ್ಲಿ ಹೀಗೆ ಸವರಿದಾಗ ಕ್ಲಾಂಪಿನ ಅಂಚಿನಲ್ಲಿ ಬೆರಳಿಗೆ ಎಣ್ಣೆಜಿಡ್ಡು ಹತ್ತಿತು. ಟಾರ್ಚ್ ಹಿಡಿದು ಹೋಸನ್ನು ಬಗ್ಗಿಸಿದರೆ ಉಗುರಿನಷ್ಟು ಉದ್ದದ ಸೀಳು. ನಿಂತಾಗ ಮುಚ್ಚಿಕೊಂಡಿರುತ್ತಿತ್ತು, ಲೋಡು ಎಳೆಯುವಾಗ ಒತ್ತಡಕ್ಕೆ ಬಾಯಿ ಬಿಟ್ಟು ಗಾಳಿಯೆಲ್ಲ ಹೊರಗೆ ಹೋಗುತ್ತಿತ್ತು. ಮಾಲಕರು ಅಷ್ಟರಲ್ಲಿ ಎರಡು ಸಲ ರೀಜೆನ್ನಿಗೆ ಹಣ ಕೊಟ್ಟಿದ್ದರು. ಫಿಲ್ಟರ್ ಬಂದ ಮೇಲೆ ಕಷ್ಟ ಏನೆಂದರೆ, ಹಿಂದಿನ ಹಾಗೆ ಕರಿಹೊಗೆ ಹೊರಗೆ ಕಾಣುವುದಿಲ್ಲ. ಎಂಜಿನ್ ಕೆಟ್ಟದ್ದನ್ನು ಫಿಲ್ಟರ್ ಮುಚ್ಚಿಡುತ್ತದೆ, ಆಮೇಲೆ ದೀಪ ಹತ್ತಿದಾಗ ಬೈಗಳು ಫಿಲ್ಟರಿಗೆ. ಇದಲ್ಲದೆ ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವ್ ಅರೆ ತೆರೆದು ಸಿಕ್ಕಿಕೊಂಡಿದೆಯೇ, ಟರ್ಬೋ ಎಣ್ಣೆ ಬಿಡುತ್ತಿದೆಯೇ, ಇಂಜೆಕ್ಟರುಗಳು ಸಮವಾಗಿ ಕೆಲಸ ಮಾಡುತ್ತಿವೆಯೇ, ಫಿಲ್ಟರಿನ ಹಿಂದುಮುಂದಿನ ಒತ್ತಡ ಅಳೆಯುವ ಸೆನ್ಸರಿನ ಸಣ್ಣ ಪೈಪುಗಳು ಕಟ್ಟಿವೆಯೇ ನೋಡಿಸಿ. ಆ ಪೈಪು ಕಟ್ಟಿದರೆ, ಮಸಿ ಇಲ್ಲದಿದ್ದರೂ ಇದೆ ಎಂದು ಕಂಪ್ಯೂಟರ್ ಲೆಕ್ಕ ಹಾಕಬಹುದು.

ಓಡಿಸುವ ಕ್ರಮಕ್ಕೆ ಬರೋಣ. ಮೈಲೇಜಿನ ಆಸೆಗೆ ಏರಿನಲ್ಲೂ ದೊಡ್ಡ ಗೇರಿನಲ್ಲೇ ಗುರ್ ಗುರ್ ಎನ್ನಿಸಿಕೊಂಡು ಎಳೆಯುವ ಅಭ್ಯಾಸ ನಮ್ಮಲ್ಲಿ ಬಹಳ ಡ್ರೈವರುಗಳಿಗಿದೆ. ಎಂಜಿನ್ ಸುತ್ತು ಕಡಿಮೆ, ಟರ್ಬೋ ಗಾಳಿ ಕಡಿಮೆ, ಡೀಸೆಲ್ ಮಾತ್ರ ಹೆಚ್ಚು. ಅದು ಮಸಿಯ ಕಾರ್ಖಾನೆ. ಟ್ಯಾಕೋಮೀಟರಿನ ಹಸಿರು ಪಟ್ಟಿಯೊಳಗೆ ಮುಳ್ಳು ಇರುವಂತೆ ಒಂದು ಗೇರು ಮೊದಲೇ ಇಳಿಸಲಿ. ಒಮ್ಮೆ ತುಳಿದು ಒಮ್ಮೆ ಬಿಡುವುದಕ್ಕಿಂತ ಎಕ್ಸಲೇಟರ್ ಒಂದೇ ಸಮ ಹಿಡಿಯಲಿ, ತುಳಿದ ಪ್ರತಿ ಸಲವೂ ಒಂದು ಉಸಿರು ಮಸಿ. ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿ ಬಿಡುವುದು ಜೀವಕ್ಕೂ ಅಪಾಯ, ಫಿಲ್ಟರನ್ನೂ ತಣಿಸಿಬಿಡುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿ ಕಾಲು ಗಂಟೆ ಬಿಸಿಯಾಗಲು ಬಿಡುವ ಪದ್ಧತಿಯೂ ಬೇಡ. ಏರ್ ತುಂಬಿದ ಕೂಡಲೇ ಮೆಲ್ಲನೆ ಹೊರಡಲಿ, ಎಂಜಿನ್ ಓಡುತ್ತಾ ಬೇಗ ಕಾಯುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ದೀಪ ಮೊದಲ ಸಲ ಹತ್ತಿದಾಗ ಏನು ಮಾಡುತ್ತಾರೆ ಎಂಬುದು. ಕಂಪನಿಯಿಂದ ಕಂಪನಿಗೆ ದೀಪದ ಭಾಷೆ ಸ್ವಲ್ಪ ಬೇರೆ, ನಿಮ್ಮ ಪುಸ್ತಕ ನೋಡಿ. ಸಾಮಾನ್ಯವಾಗಿ ಮೊದಲು ಸುಮ್ಮನೆ ಹತ್ತಿ ನಿಲ್ಲುತ್ತದೆ, ಆಮೇಲೆ ಮಿಣುಕುತ್ತದೆ, ಆಮೇಲೆ ಎಂಜಿನ್ ದೀಪವೂ ಸೇರಿ ಎಳೆತ ಕಡಿಮೆಯಾಗುತ್ತದೆ. ಮೊದಲ ಹಂತದಲ್ಲಿ ಅರ್ಧ ಗಂಟೆ ಹೈವೇಯಲ್ಲಿ ಓಡಿಸಿದರೆ ಮುಗಿಯಿತು. ಎರಡನೆಯದರಲ್ಲಿ ಅದೇ ದಿನ ನಿಲ್ಲಿಸಿ ಸುಡಬೇಕು. ಮೂರನೆಯದಕ್ಕೆ ಹೋದ ಮೇಲೆ ಸ್ಕ್ಯಾನರ್ ಬೇಕೇ ಬೇಕು. ಕಂಪ್ಯೂಟರ್ ಹೀಗೆ ಹಟ ಹಿಡಿಯಲು ಕಾರಣವಿದೆ. ಮಸಿ ಅತಿಯಾಗಿ ಕೂಡಿರುವಾಗ ಬೆಂಕಿ ಹತ್ತಿ, ಅದೇ ಹೊತ್ತಿಗೆ ಡ್ರೈವರ್ ಕಾಲು ತೆಗೆದು ಗಾಡಿ ಐಡಲ್‌ಗೆ ಬಂದರೆ, ಹೊಗೆಯಲ್ಲಿ ಆಮ್ಲಜನಕ ಹೆಚ್ಚಿ, ಬಿಸಿಯನ್ನು ಹೊರಗೆ ಒಯ್ಯುವ ಗಾಳಿ ಕಡಿಮೆಯಾಗಿ, ಜೇನುಗೂಡು ಒಳಗೊಳಗೇ ಕಾದು ಸೀಳುತ್ತದೆ. ಸೀಳಿದ ಫಿಲ್ಟರಿಗೆ ರಿಪೇರಿ ಇಲ್ಲ.

ನಡುವೆ ಬಂದ್ ಮಾಡುವುದರಿಂದ ಇನ್ನೊಂದು ತೊಂದರೆ. ಹಲವು ಎಂಜಿನ್ನುಗಳಲ್ಲಿ ರೀಜೆನ್ನಿಗೆ ಬೇಕಾದ ಹೆಚ್ಚುವರಿ ಡೀಸೆಲನ್ನು ಸಿಲಿಂಡರಿನೊಳಗೇ ತಡವಾಗಿ ಬಿಡುತ್ತಾರೆ. ಅದರಲ್ಲಿ ಸ್ವಲ್ಪ ಗೋಡೆಯಲ್ಲಿ ಇಳಿದು ಎಂಜಿನ್ ಆಯಿಲಿಗೆ ಸೇರುತ್ತದೆ. ಅರ್ಧಕ್ಕೆ ನಿಂತ ರೀಜೆನ್ ಮತ್ತೆ ಮತ್ತೆ ಶುರುವಾದ ಹಾಗೆ ಡೀಸೆಲ್ ಸೇರುತ್ತಲೇ ಹೋಗುತ್ತದೆ. ನಾಳೆ ಬೆಳಿಗ್ಗೆ ಗಾಡಿ ಸಮತಟ್ಟಿನಲ್ಲಿದ್ದಾಗ ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಮೇಲಿನ ಗೆರೆಗಿಂತ ಮೇಲಿದ್ದರೆ ಖುಷಿಪಡಬೇಡಿ. ಒಂದು ಹನಿ ಹೆಬ್ಬೆರಳು, ತೋರುಬೆರಳಿನ ನಡುವೆ ಉಜ್ಜಿ ಮೂಸಿ. ನೀರಿನಂತೆ ತೆಳ್ಳಗಿದ್ದು ಡೀಸೆಲ್ ವಾಸನೆ ಬಂದರೆ ಮೊದಲು ಆಯಿಲ್ ಬದಲಿಸಿ, ಆಮೇಲೆ ಉಳಿದ ಮಾತು. ಆ ಆಯಿಲಿನಲ್ಲಿ ಓಡಿಸಿದರೆ ಬೇರಿಂಗ್, ಟರ್ಬೋ ಎರಡೂ ತಿಂದುಹೋಗುತ್ತವೆ.

ಆಯಿಲ್ ಎಂದಾಗ ಬೂದಿಯ ಮಾತು ಬರುತ್ತದೆ. ಎಂಜಿನ್ ಆಯಿಲಿನಲ್ಲಿರುವ ಕ್ಯಾಲ್ಸಿಯಂ, ಸತು ಮುಂತಾದವು ಉರಿದು ಬೂದಿಯಾಗಿ ಫಿಲ್ಟರಿನಲ್ಲಿ ಉಳಿಯುತ್ತವೆ, ಯಾವ ರೀಜೆನ್ನಿಗೂ ಅದು ಹೋಗುವುದಿಲ್ಲ. ಅದಕ್ಕೇ ಬಿಎಸ್6 ಗಾಡಿಗೆ ಬೂದಿ ಕಡಿಮೆ ಇರುವ ಸಿಕೆ-4 ದರ್ಜೆಯ ಅಥವಾ ಕಂಪನಿ ಪುಸ್ತಕದಲ್ಲಿ ಬರೆದ ಆಯಿಲನ್ನೇ ಹಾಕಬೇಕು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಹಳೆಯ ಸಿಐ-4 ಬೇಡ. ಆದರೂ ಫಿಲ್ಟರ್ ಬೂದಿ ತುಂಬಿ ಮುಗಿಯಲು ಸಾಮಾನ್ಯವಾಗಿ ಲಕ್ಷಗಟ್ಟಲೆ ಕಿ.ಮೀ. ಬೇಕು. ನಿಮ್ಮದು 70 ಸಾವಿರ. ಸರಿಯಾದ ಆಯಿಲ್ ಹಾಕಿದ್ದರೆ ಬೂದಿ ತುಂಬಿರಲಾರದು. ಫಿಲ್ಟರ್ ಬದಲಿಸಲು ಒಪ್ಪಬೇಡಿ ಎಂದು ಮೊದಲೇ ಹೇಳಿದ್ದು ಈ ಲೆಕ್ಕದಿಂದ. ಬದಲಿಸಲೇಬೇಕು ಎಂದರೆ, ರೀಜೆನ್ ಮುಗಿದ ಕೂಡಲೇ ಫಿಲ್ಟರಿನ ಎರಡು ಬದಿಯ ಒತ್ತಡದ ವ್ಯತ್ಯಾಸ ಎಷ್ಟಿದೆ, ಕಂಪನಿಯ ಮಿತಿ ಎಷ್ಟು ಎಂದು ಕೇಳಿ, ಬರೆದುಕೊಡಲು ಹೇಳಿ. ಒಳಗೆ ಸೀಳಿದ್ದರೆ ಸೈಲೆನ್ಸರಿನ ಬಾಯಿಗೆ ಬೆರಳು ಹಾಕಿದಾಗ ಕಪ್ಪು ಹತ್ತುತ್ತದೆ. ಸರಿಯಿರುವ ಫಿಲ್ಟರಿನ ಹಿಂದಿನ ಪೈಪಿನೊಳಗೆ ಹಾಕಿದ ಬೆರಳು ಹೆಚ್ಚುಕಡಿಮೆ ಕಪ್ಪಾಗದೆ ಹೊರಗೆ ಬರುತ್ತದೆ. ತಣ್ಣಗಾದ ಮೇಲೆ ನೋಡಿ.

ಬೂದಿಯೇ ತುಂಬಿದ್ದರೂ ಬದಲಿಸುವ ಮೊದಲು ಬಿಚ್ಚಿ ಶುಚಿ ಮಾಡಿಸುವ ದಾರಿ ಇದೆ. ಅದಕ್ಕೆಂದೇ ಇರುವ ಯಂತ್ರದಲ್ಲಿ ಹಿಂಬದಿಯಿಂದ ಗಾಳಿ ಬಿಟ್ಟು, ಬೇಕಾದರೆ ಒಲೆಯಲ್ಲಿ ಕಾಯಿಸಿ ತೆಗೆಯುತ್ತಾರೆ. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ನೀರಿನಲ್ಲಿ ತೊಳೆಯುವುದು ಮಾತ್ರ ಬೇಡ. ಗೂಡು ಒಡೆಯಬಹುದು, ಲೇಪ ಹೋಗಬಹುದು, ಬೂದಿ ಒದ್ದೆಯಾಗಿ ಗಾರೆಯಂತೆ ಹಿಡಿದುಕೊಳ್ಳಬಹುದು. ಬಾಟಲಿಯಲ್ಲಿ ಬರುವ ಸ್ಪ್ರೇಗಳಿಂದ ಕೆಲವು ದಿನ ದೀಪ ಆರಿದ್ದನ್ನು ಕಂಡಿದ್ದೇನೆ, ಕಾರಣ ಹಾಗೆಯೇ ಉಳಿದು ಮತ್ತೆ ಹತ್ತಿದ್ದನ್ನೂ ಕಂಡಿದ್ದೇನೆ.

ಜೇನುಗೂಡು ತೆಗೆಸುವ ಸಲಹೆಗೆ ನನ್ನ ಉತ್ತರ ಬೇಡ ಎಂದೇ. ಮೋಟಾರು ವಾಹನ ಕಾಯಿದೆಯ 52ನೇ ಕಲಂ ಹೀಗೆ ಗಾಡಿ ಬದಲಿಸುವುದನ್ನು ಒಪ್ಪುವುದಿಲ್ಲ. ಹೊಗೆಯ ಮಿತಿ ಮೀರಿದರೆ 190ನೇ ಕಲಮಿನಡಿ ಮೊದಲ ತಪ್ಪಿಗೇ 10 ಸಾವಿರ ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಆಗಬಹುದು. ವಾರಂಟಿ ಹೋಗುತ್ತದೆ. ಫಿಟ್‌ನೆಸ್ಸಿಗೆ ಹೋದಾಗ, ಗಾಡಿ ಮಾರುವಾಗ, ಅಪಘಾತದ ಕ್ಲೇಮಿನಲ್ಲಿ ತಕರಾರು ಏಳಬಹುದು. ಮೆಕ್ಯಾನಿಕ್ ಆಗಿ ನನಗೆ ಇನ್ನೂ ದೊಡ್ಡದಾಗಿ ಕಾಣುವುದು ಬೇರೆ. ಹಾಗೆ ಮಾಡುವವರು ಸೆನ್ಸರುಗಳಿಗೆ ಸುಳ್ಳು ಹೇಳಿಸಿ ಕಂಪ್ಯೂಟರಿನ ಬಾಯಿ ಕಟ್ಟುತ್ತಾರೆ. ನಾಳೆ ಹೋಸು ಸೀಳಿದರೂ, ಇಂಜೆಕ್ಟರ್ ಸೋರಿದರೂ ಅದು ಸರಿಯಾಗಿ ಹೇಳುವುದಿಲ್ಲ. ಎಂಜಿನ್ ಹೋದಾಗ ಪ್ರೋಗ್ರಾಂ ಹಾಕಿದವರು ಫೋನ್ ಎತ್ತುವುದಿಲ್ಲ. ಡೀಸೆಲ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2012ರಲ್ಲೇ ಖಚಿತವಾಗಿ ಹೇಳಿದೆ. ನಾನು ಕೆಲಸ ಕಲಿಯುವ ಕಾಲದಲ್ಲಿ ಸಂಜೆ ಮೂಗು ಸೀನಿದರೆ ಕರವಸ್ತ್ರ ಕಪ್ಪಾಗುತ್ತಿತ್ತು. ನಿಮ್ಮ ಲಾರಿಯ ಹಿಂದೆ ದಿನವಿಡೀ ನಿಂತು ಕಲ್ಲು ಪೇರಿಸುವವರು ಆ ಹೊಗೆಯ ನೇರ ಎದುರಿಗಿರುತ್ತಾರೆ.

ಮುಂದೊಂದು ದಿನ ಬರೀ ಸ್ಥಳೀಯ ಓಟಕ್ಕೆ ಬೇರೆ ಗಾಡಿ ಕೊಳ್ಳುವುದಿದ್ದರೆ ಸಿಎನ್‌ಜಿಯನ್ನೂ ನೋಡಿ, ಅದರಲ್ಲಿ ಈ ಫಿಲ್ಟರ್ ಇರುವುದಿಲ್ಲ. ಭಾರ ಹೊತ್ತು ಏರು ಹತ್ತುವುದನ್ನು ಓಡಿಸಿ ನೋಡಿಯೇ ಒಪ್ಪಿಕೊಳ್ಳಬೇಕು.

ಈಗ ಮಾಡಬೇಕಾದ್ದು: ನಾಳೆ ಡಿಪ್‌ಸ್ಟಿಕ್ ಮತ್ತು ಏರ್ ಫಿಲ್ಟರ್. ಈ ವಾರದೊಳಗೆ ಹೋಸು, ಏರ್ ಸೋರಿಕೆ, ಬ್ಯಾಟರಿ. ಆಮೇಲೆ ಹದಿನೈದು ದಿನ ಒಂದು ನೋಟ್‌ಬುಕ್ಕಿನಲ್ಲಿ ದೀಪ ಹತ್ತಿದ ದಿನ, ಆಗ ಗಾಡಿ ಎಲ್ಲಿತ್ತು, ಡ್ರೈವರ್ ಏನು ಮಾಡಿದ ಎಂದು ಬರೆಸಿ. ಮಸಿಯ ಲೆಕ್ಕ ಮೂರು ನಾಲ್ಕು ದಿನದಲ್ಲೇ ಮತ್ತೆ ಏರಿದರೆ ಇಂಜೆಕ್ಟರ್, ಇಜಿಆರ್ ಕಡೆ ಹೋಗಬೇಕು. ವಾರ, ಹತ್ತು ದಿನ ನಿಂತರೆ ಓಟದ ಕ್ರಮ ಸರಿಹೋಯಿತು ಎಂದು ಲೆಕ್ಕ. ಡ್ರೈವರಿಗೆ ನೀವು ಟ್ರಿಪ್ಪಿನ ಲೆಕ್ಕದಲ್ಲಿ ಸಂಬಳ ಕೊಡುತ್ತಿದ್ದರೆ ಒಂದು ವಿಷಯ ಯೋಚಿಸಿ. ದೀಪ ಹತ್ತಿದಾಗ ಹೈವೇಗೆ ಹೋಗಿ ಬಂದರೆ ಅವನಿಗೆ ಒಂದು ಟ್ರಿಪ್ಪು ತಪ್ಪುತ್ತದೆ, ಆ ದಿನದ ದುಡ್ಡು ಕಡಿಮೆ. ಅದಕ್ಕೇ ಅವನು ದೀಪವನ್ನು ನೋಡಿಯೂ ನೋಡದ ಹಾಗೆ ಓಡಿಸಿದ್ದಾನು. ತುಳುವಿನಲ್ಲೋ ಮಲಯಾಳದಲ್ಲೋ, ಅವನಿಗೆ ಸಲೀಸಾದ ಭಾಷೆಯಲ್ಲಿ, ದೀಪದ ಮೂರು ಹಂತವನ್ನು ಗಾಡಿಯಲ್ಲೇ ಕುಳಿತು ತೋರಿಸಿ ಹೇಳಿ. ರೀಜೆನ್ನಿಗೆ ಹೋದ ಅರ್ಧ ಗಂಟೆಯನ್ನು ಒಂದು ಟ್ರಿಪ್ಪು ಎಂದು ಲೆಕ್ಕ ಹಿಡಿದು ಅವನ ಕೈಗೆ ಕೊಡಿ.